ಆರೋಗ್ಯ ಪ್ರಶ್ನೋತ್ತರ: ಕೆಂಪು ವೈನ್ ಹೃದಯಕ್ಕೆ ಔಷಧವಲ್ಲ

ಪ್ರಶ್ನೆ: ನನಗೆ 46 ವರ್ಷ, ಸ್ಯಾನ್ ಡಿಯಾಗೊದಲ್ಲಿ ಕೆಲಸ. ತಿಂಗಳಿಗೆ ಎರಡು ಮೂರು ಸಲ ಕಂಪನಿಯ ಅತಿಥಿಗಳ ಜೊತೆ ಗ್ಯಾಸ್‌ಲ್ಯಾಂಪ್ ಕ್ವಾರ್ಟರಿನ ದುಬಾರಿ ಸ್ಟೇಕ್ ಹೋಟೆಲುಗಳಲ್ಲಿ ರಾತ್ರಿಯೂಟ ಮಾಡಬೇಕಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ನುಂಗುತ್ತೇನೆ. ಟ್ರೈಗ್ಲಿಸರೈಡ್ 290 ಇದೆ. ತಂದೆಗೆ 52ರಲ್ಲೇ ಹೃದಯಾಘಾತವಾಗಿತ್ತು. ಸ್ಟೇಕ್ ತಿಂದ ಮೇಲೆ ಎರಡು ಗ್ಲಾಸ್ ಕೆಂಪು ವೈನ್ ಕುಡಿದರೆ ಕೊಬ್ಬಿನ ದೋಷ ಕಳೆಯುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
– ಹೆಸರು ಬೇಡ, ಸ್ಯಾನ್ ಡಿಯಾಗೊ

ಉತ್ತರ: ನಿಜವಲ್ಲ. ಓದು ಬಲ್ಲವರೇ ಈ ನಂಬಿಕೆಯನ್ನು ಬಿಡದೆ ಹಿಡಿದುಕೊಂಡಿರುವುದು ಬೇಸರದ ಸಂಗತಿ. 1991ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮದಲ್ಲಿ, ಬೆಣ್ಣೆ ಚೀಸು ಯಥೇಚ್ಛವಾಗಿ ತಿನ್ನುವ ಫ್ರೆಂಚರಿಗೆ ಹೃದ್ರೋಗ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂಬ ಮಾತು ಬಂತು. ಅಲ್ಲಿಂದ ಅದು ಮನೆಮಾತಾಯಿತು. ಆಮೇಲಿನ ಹಲವು ಸಮೀಕ್ಷೆಗಳಲ್ಲೂ ಮಿತವಾಗಿ ಕುಡಿಯುವವರಿಗೆ, ಏನೂ ಕುಡಿಯದವರಿಗಿಂತ ಹೃದ್ರೋಗ ಕಡಿಮೆ ಕಂಡದ್ದು ಹೌದು. ಆದರೆ ‘ಕುಡಿಯದವರ’ ಪಟ್ಟಿಯಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಮಿತವಾಗಿ ಕುಡಿಯುವವರಲ್ಲಿ ಸಿಗರೇಟು ಸೇದುವವರು ಕಡಿಮೆ, ವ್ಯಾಯಾಮ ಮಾಡುವವರು ಹೆಚ್ಚು. 2022ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನ 3.7 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನ ಈ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದಾಗ, ವೈನಿನ ಹೆಸರಿನಲ್ಲಿದ್ದ ಲಾಭ ಬಹುಮಟ್ಟಿಗೆ ಕರಗಿತು. ವಂಶವಾಹಿಗಳ ಆಧಾರದ ಲೆಕ್ಕದಲ್ಲಿ, ಕುಡಿತ ಏರಿದಂತೆ ಬಿಪಿ ಮತ್ತು ಹೃದ್ರೋಗದ ಅಪಾಯವೂ ಏರಿತು. ಮದ್ಯ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದು ಕ್ಯಾನ್ಸರ್‌ಕಾರಕ ಎಂಬುದು 1988ರಷ್ಟು ಹಿಂದೆಯೇ ನಿರ್ಧಾರವಾದ ವಿಷಯ. ‘ದ್ರಾಕ್ಷಿಯಲ್ಲಿ ಹೃದಯಕ್ಕೆ ಒಳ್ಳೆಯದೆನ್ನುವ ರೆಸ್ವೆರಟ್ರಾಲ್ ಇದೆಯಲ್ಲ?’ ಎನ್ನುತ್ತೀರಿ. ಇದೆ, ಆದರೆ ಒಂದು ಲೀಟರ್ ವೈನಿನಲ್ಲಿ ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಮಾತ್ರೆಯಾಗಿ ಕೊಟ್ಟದ್ದು ನೂರಾರು ಮಿಲಿಗ್ರಾಂ, ಅದರಿಂದಲೂ ಹೃದಯಕ್ಕೆ ಖಚಿತ ಪ್ರಯೋಜನ ಕಂಡಿಲ್ಲ.

ಒಂದರ ದೋಷವನ್ನು ಇನ್ನೊಂದು ಕಳೆಯುತ್ತದೆ ಎಂಬುದೇ ಇಲ್ಲಿನ ಮೂಲ ತಪ್ಪು. ದೇಹ ಇವನ್ನು ಕಳೆಯುವುದಿಲ್ಲ, ಕೂಡುತ್ತದೆ. 14 ಔನ್ಸಿನ ರಿಬ್‌ಐ ಸ್ಟೇಕ್ ಎಂದರೆ ಹಸಿಯಾಗಿ ಸುಮಾರು 400 ಗ್ರಾಂ, ಬೆಂದಾಗ 300ರ ಆಸುಪಾಸು. ಕೆಂಪು ಮಾಂಸ ವಾರಕ್ಕೆ, ಬೇಯಿಸಿದ ತೂಕದಲ್ಲಿ, 350ರಿಂದ 500 ಗ್ರಾಂ ಮೀರಬಾರದು ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಅಂದರೆ ವಾರದ ಪಾಲು ಹೆಚ್ಚುಕಡಿಮೆ ಒಂದೇ ತಟ್ಟೆಯಲ್ಲಿ ಮುಗಿಯಿತು. ಅದರ ಮೇಲೆ ಕರಗುತ್ತಿರುವ ಬೆಣ್ಣೆಯ ತುಂಡು, ಪಕ್ಕದಲ್ಲಿ ಕೆನೆ ಹಾಕಿದ ಪಾಲಕ್. ಇನ್ನು 150 ಎಂಎಲ್ ವೈನಿನ ಒಂದೊಂದು ಗ್ಲಾಸಿನಲ್ಲೂ 14 ಗ್ರಾಂ ಆಲ್ಕೊಹಾಲ್. ಗ್ಲಾಸು ಬರಿದಾಗುವ ಮೊದಲೇ ವೇಟರ್ ಮತ್ತೆ ತುಂಬುವುದರಿಂದ ನಿಮ್ಮ ‘ಎರಡು’ ಎಷ್ಟೋ ಸಲ ಮೂರಾಗಿರುತ್ತದೆ. ಟ್ರೈಗ್ಲಿಸರೈಡನ್ನು ಏರಿಸುವುದರಲ್ಲಿ ವೈನಿನ ಕೈವಾಡ ದೊಡ್ಡದು. ಸ್ಟೇಕನ್ನಷ್ಟೇ ದೂರಿ ವೈನನ್ನು ಲೆಕ್ಕದಿಂದ ಬಿಟ್ಟುಬಿಡಬೇಡಿ. ಇನ್ನೂ ಮುಖ್ಯವಾದ ಮಾತು: ಗ್ಲಿಮಿಪಿರೈಡ್ ನುಂಗಿ, ಹೊಟ್ಟೆ ತುಂಬುವ ಮೊದಲೇ ವೈನ್ ಕುಡಿದರೆ ನಡುರಾತ್ರಿ ಶುಗರ್ ತೀರಾ ಕೆಳಗಿಳಿಯಬಹುದು. ಬೆವರು, ತೊದಲು ಮಾತು ಕಂಡವರು ಅಮಲೆಂದುಕೊಂಡು ಮಲಗಿಸಿಬಿಡುತ್ತಾರೆ. ಜೀವಕ್ಕೆ ಅಪಾಯ ಅಲ್ಲಿದೆ.

‘ಅತಿಥಿಗಳ ಮುಂದೆ ಬೇಡವೆನ್ನುವುದು ಹೇಗೆ?’ ಎಂದು ಕೇಳಬಹುದು. ನಿಂಬೆಹೋಳು ಹಾಕಿದ ಸೋಡಾ ಹಿಡಿದು ಕುಳಿತವರನ್ನು ಇಂದು ಯಾರೂ ವಿಚಾರಿಸುವುದಿಲ್ಲ. ಕಡಲೂರಿನಲ್ಲಿದ್ದೀರಿ, ಅದೇ ಮೆನುವಿನಲ್ಲಿ ಸುಟ್ಟ ಮೀನು ಇರುತ್ತದೆ. ತಿಂಗಳಿಗೊಮ್ಮೆ ಸಣ್ಣ ಸ್ಟೇಕ್ ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಗಾಬರಿ ಬೇಡ. ಆದರೆ ಪರೀಕ್ಷೆಗಳನ್ನು ಮುಂದೂಡಬೇಡಿ: ಎಚ್‌ಬಿಎ1ಸಿ, ಲಿವರ್ ಪರೀಕ್ಷೆ, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಹೊಟ್ಟೆಯ ಅಲ್ಟ್ರಾಸೌಂಡ್. ಮೂರು ವಾರ ವೈನ್ ಬಿಟ್ಟು ಲಿಪಿಡ್ ಪರೀಕ್ಷೆಯನ್ನು ಮತ್ತೆ ಮಾಡಿಸಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ. ತಂದೆಯ ಇತಿಹಾಸ ಇರುವುದರಿಂದ ಲಿಪೊಪ್ರೋಟೀನ್-ಎ ಜೀವನದಲ್ಲಿ ಒಮ್ಮೆಯಾದರೂ ನೋಡಿಸಲೇಬೇಕು. ಹೃದಯದ ಕ್ಯಾಲ್ಸಿಯಂ ಸ್ಕೋರ್ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ನನ್ನ ಸೊಸೆ ಐದು ತಿಂಗಳ ಬಸುರಿ, ಸ್ಯಾನ್ ಡಿಯಾಗೊದಲ್ಲಿದ್ದಾಳೆ. ಹೋಟೆಲಿನಲ್ಲಿ ಅರೆಬೆಂದ ಸ್ಟೇಕ್ ತಿಂದಳಂತೆ, ತಟ್ಟೆಯಲ್ಲಿ ರಕ್ತ ನಿಂತಿತ್ತಂತೆ. ಮಗುವಿಗೆ ತೊಂದರೆಯೇ?
– ಒಬ್ಬ ಅತ್ತೆ, ಮಂಗಳೂರು

ಉತ್ತರ: ಅದು ರಕ್ತವಲ್ಲಮ್ಮ, ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನು ಬೆರೆತ ನೀರು. ಒಂದು ಸಲ ತಿಂದದ್ದಕ್ಕೆ ಸೊಸೆಯನ್ನು ಬೈಯಬೇಡಿ, ತೊಂದರೆಯಾಗುವ ಸಂಭವ ಕಡಿಮೆ. ಆದರೂ ಟಾಕ್ಸೊಪ್ಲಾಸ್ಮಾ ರಕ್ತಪರೀಕ್ಷೆಯ ಬಗ್ಗೆ ಪ್ರಸೂತಿ ತಜ್ಞರನ್ನು ಕೇಳಲಿ. ಜ್ವರ ಬಂದರೆ ಅದೇ ದಿನ ತೋರಿಸಲಿ. ಹೆರಿಗೆಯವರೆಗೆ ಒಳಗಿನ ಕೆಂಪು ಪೂರ್ತಿ ಹೋಗುವಂತೆ ಬೇಯಿಸಿದ ಮಾಂಸವೇ ಆಗಬೇಕು. ವೈನ್ ಒಂದು ಗುಟುಕೂ ಬೇಡ.

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಸ್ಟೇಕ್ ತಿನ್ನುವಾಗ ಮೂರು ಸಲ ತುಂಡು ಎದೆಯಲ್ಲಿ ಸಿಕ್ಕಿಕೊಂಡಿತು, ನೀರೂ ಇಳಿಯಲಿಲ್ಲ. ಮೀನಿನ ಮುಳ್ಳಿಗೆ ಮಾಡುವಂತೆ ಅನ್ನದ ಉಂಡೆ ನುಂಗಿಸಬಹುದೇ?
– ಓದುಗರು, ಕ್ಯಾಲಿಫೋರ್ನಿಯ

ಉತ್ತರ: ಖಂಡಿತ ಕೂಡದು. ಮುಳ್ಳಿಗೂ ಅನ್ನದ ಉಂಡೆ ನುಂಗಿಸಬಾರದು, ಅದು ಇನ್ನಷ್ಟು ಆಳಕ್ಕೆ ಚುಚ್ಚಿಕೊಳ್ಳಬಹುದು. ಸಿಕ್ಕಿಕೊಂಡ ಮಾಂಸದ ಮೇಲೆ ಉಂಡೆ ಹಾಕಿದರೆ ಅಡ್ಡಿ ಎರಡಾಗುತ್ತದೆ, ಶ್ವಾಸನಾಳಕ್ಕೆ ಜಾರುವ ಭಯವೂ ಇದೆ. ಇದಕ್ಕೆ ವೈದ್ಯರಲ್ಲಿ ‘ಸ್ಟೇಕ್‌ಹೌಸ್ ಸಿಂಡ್ರೋಮ್’ ಎಂಬ ಹೆಸರೇ ಇದೆ. ಮೂರು ಸಲ ಆಗಿದೆಯೆಂದರೆ ಅವಸರದಲ್ಲಿ ನುಂಗಿದ್ದಷ್ಟೇ ಕಾರಣವಾಗಿರಲಾರದು. ಅನ್ನನಾಳದಲ್ಲಿ ಉಂಗುರದಂಥ ಕಿರಿದಾದ ಜಾಗ ಅಥವಾ ಅಲರ್ಜಿಯ ಉರಿಯೂತ ಇರುವ ಸಾಧ್ಯತೆ ಹೆಚ್ಚು. ಎರಡಕ್ಕೂ ಚಿಕಿತ್ಸೆಯಿದೆ. ಎಂಡೋಸ್ಕೋಪಿ ಮಾಡಿಸಿ, ನೋಡಲು ಸರಿಯಾಗಿದ್ದರೂ ಬಯಾಪ್ಸಿ ತೆಗೆಯಲು ಹೇಳಿ. ಇನ್ನೊಮ್ಮೆ ಸಿಕ್ಕಿಕೊಂಡು ಉಗುಳೂ ಇಳಿಯದಿದ್ದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ಉಸಿರೇ ನಿಂತು ಮಾತು ಹೊರಡದಿದ್ದರೆ ಅದು ಬೇರೆಯೇ ಅಪಾಯ, ಆ ಕ್ಷಣವೇ ಬೆನ್ನಿಗೆ ಗುದ್ದಿ, ಹಿಂದಿನಿಂದ ಅಪ್ಪಿ ಹೊಟ್ಟೆಯ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತಬೇಕು. ಮನೆಯವರೆಲ್ಲ ಇದನ್ನು ಕಲಿತಿರಿ. ಎಂಡೋಸ್ಕೋಪಿಯ ವರದಿ ಕೈಗೆ ಬರುವವರೆಗೆ ಅವರಿಗೆ ಸ್ಟೇಕ್ ಬೇಡ.