ಕಡಲ ದಾರಿಗೆ ಹೊರಟ ಮಗಳಿಗೆ

ಮೆಲ್ಬರ್ನ್,
ಡಿಸೆಂಬರ್ ಮೊದಲ ವಾರ

ಚಿ. ಸೌ. ಪುಟ್ಟಿಗೆ,

ಊರಿಂದ ನಿನ್ನ ಅಮ್ಮ ಬಂದಿಳಿದ ಮೇಲೆ ಮನೆ ತುಂಬಿಕೊಂಡಿರಬೇಕು.

ನೀವು ಹಳೆಯ ಕ್ಯಾರವಾನ್ ಕೊಂಡ ಸುದ್ದಿ, ಅದರ ಫೋಟೋಗಳು, ಸಾಮಾನಿನ ಪಟ್ಟಿ ಎಲ್ಲ ತಲುಪಿತು. ಕ್ರಿಸ್‌ಮಸ್ ಮುಗಿದ ಮಾರನೆಯ ದಿನ ಹೊರಟು, ಕಡಲ ದಾರಿಯಲ್ಲಿ ಸಿಡ್ನಿ ಮುಟ್ಟಿ, ಹನ್ನೆರಡು ದಿನಕ್ಕೆ ವಾಪಸ್ಸು ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಈ ದೇಶಕ್ಕೆ ಹೊಸದಾಗಿ ಬಂದು, ಬೇಸಿಗೆ ರಜೆ ಸಿಕ್ಕ ಕೂಡಲೇ ಕಡಲ ಕಡೆ ಮುಖ ಮಾಡುವ ನಮ್ಮ ಮಕ್ಕಳು ಎಷ್ಟೋ ಜನ ಇದ್ದಾರೆ. ಅವರೂ ಓದಲಿ ಅಂತ ಪತ್ರಿಕೆಗೂ ಕಳಿಸುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ಪಟ್ಟಿಯ ವಿಷಯ. ಹತ್ತು ಕೆಜಿ ಸೋನಾ ಮಸೂರಿ, ಎರಡು ಕುಕ್ಕರ್, ಇಡ್ಲಿ ಪಾತ್ರೆ, ಗ್ರೈಂಡರ್, ಮಕ್ಕಳ ಎರಡು ಸೈಕಲ್, ಮಡಚುವ ಕುರ್ಚಿ ಐದು, ಮೇಜು ಒಂದು, ಕುಡಿಯುವ ನೀರಿನ ಕ್ಯಾನು ನಾಲ್ಕು. ಓದುತ್ತ ಹೋದ ಹಾಗೆ ನನಗೆ ಎದೆ ಭಾರವಾಯಿತು. ವ್ಯಾನಿಗೆ ಬಡಿದಿರುವ ತೂಕದ ತಗಡಿನದು ಅಂತ ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಖಾಲಿ ವ್ಯಾನಿನ ತೂಕ 1,900 ಕೆಜಿ. ಎಲ್ಲ ತುಂಬಿದ ಮೇಲೆ ಮೀರಬಾರದ ತೂಕ, ಅಂದರೆ ಎಟಿಎಂ ಅಂತ ಕೊರೆದಿರುವುದು, 2,300 ಕೆಜಿ. ನಿನ್ನ ಕೈಯಲ್ಲಿರುವುದು 400 ಕೆಜಿ. ನೀರಿನ ಟ್ಯಾಂಕು ಎರಡು, ಒಂದೊಂದೂ 95 ಲೀಟರ್. ತುಂಬಿಸಿದರೆ 190 ಕೆಜಿ ಅಲ್ಲೇ ಹೋಯಿತು. ಗ್ಯಾಸಿನ ಸಿಲಿಂಡರು ಎರಡು, ಕಬ್ಬಿಣದ ಭಾರವೂ ಸೇರಿ ಸುಮಾರು 35 ಕೆಜಿ. ಹಿಂದಿನವರು ಆಮೇಲೆ ಹಾಕಿಸಿದ ಸೋಲಾರ್ ಪ್ಯಾನೆಲ್ಲು, ಎರಡನೆಯ ಬ್ಯಾಟರಿ, ಮುಂದೆ ಕಟ್ಟುವ ಆನೆಕ್ಸಿನ ಬಟ್ಟೆ, ಅದರ ಕಂಬಗಳು ಆ ತಗಡಿನ ಲೆಕ್ಕಕ್ಕೇ ಬಂದಿರುವುದಿಲ್ಲ. ಅವನ್ನೂ ಕಳೆ. ಮಿಕ್ಕಿದ್ದರಲ್ಲಿ ನಿಮ್ಮ ಬಟ್ಟೆಬರೆ, ಹಾಸಿಗೆ, ಪಾತ್ರೆ ಪಗಡೆ ಎಲ್ಲ ಹಿಡಿಯಬೇಕು.

ಇನ್ನೊಂದು ಲೆಕ್ಕವನ್ನು ಹೊಸಬರು ಬಿಟ್ಟೇಬಿಡುತ್ತಾರೆ. ಅಷ್ಟು ದೊಡ್ಡ ವ್ಯಾನು ಕಾರಿನ ಹಿಂದೆ ನಿಲ್ಲುವುದು 50 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಗುಂಡಿನ ಮೇಲೆ, ದೊಡ್ಡ ನಿಂಬೆಹಣ್ಣಿನಷ್ಟು. ವ್ಯಾನಿನ ತೂಕದ ಹತ್ತರಲ್ಲೊಂದು ಪಾಲು ಆ ಗುಂಡಿನ ಮೇಲೆ ಬೀಳಬೇಕು ಅಂತ ಇಲ್ಲಿನವರ ಲೆಕ್ಕ. ನಿಮ್ಮದಕ್ಕೆ 230 ಕೆಜಿ. ಅದು ಕಾರು ಹೊರುವ ಭಾರ. ಐದು ಜನ ಕೂತು, ಡಿಕ್ಕಿ ತುಂಬಿ, ಮೇಲೆ 230 ಕೆಜಿ ಹೇರಿದರೆ, ‘ಮೂರು ಟನ್ ಎಳೆಯುತ್ತದೆ’ ಅಂತ ಅಂಗಡಿಯಲ್ಲಿ ಹೇಳಿ ಮಾರಿದ ಕಾರೂ ತನ್ನ ಮಿತಿ ದಾಟಿರಬಹುದು.

ನಮಗೆ ಇದೆಲ್ಲ ಗೊತ್ತಾದದ್ದು ಸೇಲ್ ದಾಟಿ ಬೆಯರ್ನ್ಸ್‌ಡೇಲ್ ಕಡೆ ಹೋಗುವ ಸಪಾಟು ರಸ್ತೆಯಲ್ಲಿ. ಅಕ್ಕಿ ಮೂಟೆ, ನೀರಿನ ಕ್ಯಾನು, ಸೈಕಲ್ಲು ಎಲ್ಲ ವ್ಯಾನಿನ ಹಿಂಭಾಗಕ್ಕೆ ಪೇರಿಸಿದ್ದೆವು. ಅಲ್ಲಿ ಜಾಗ ಇತ್ತು, ಅಷ್ಟೇ ಕಾರಣ. ಪಕ್ಕದಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿತು. ಆ ಗಾಳಿಗೆ ವ್ಯಾನು ಒಮ್ಮೆ ಎಡಕ್ಕೆ ಹೊಯ್ದಾಡಿತು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ಒಂದೊಂದು ಸಲಕ್ಕೂ ಜಾಸ್ತಿ. ಕಾರಿನ ಬಾಲವನ್ನೇ ಹಿಡಿದು ಯಾರೋ ಜಗ್ಗಾಡಿದ ಹಾಗೆ. ಹಿಂದಿನ ಸೀಟಿನಲ್ಲಿ ಮಕ್ಕಳು ಕಿರುಚಿದರು. ನಿನ್ನ ದೊಡ್ಡಪ್ಪ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ವ್ಯಾನಿನ ಬ್ರೇಕಿಗೆ ಮಾತ್ರ ಇರುವ ಗುಂಡಿಯನ್ನು ಕೈಯಿಂದ ಒತ್ತಿದರು. ನಾಲ್ಕು ಸೆಕೆಂಡೋ ಐದು ಸೆಕೆಂಡೋ. ವ್ಯಾನು ನೆಟ್ಟಗಾಯಿತು. ಬದಿಗೆ ನಿಲ್ಲಿಸಿ ಇಳಿದಾಗ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆ ಗುಂಡಿ ನಿಮ್ಮ ಕಾರಿನಲ್ಲಿ ಎಲ್ಲಿದೆ ಅಂತ ಅಳಿಯಂದಿರಿಗೂ ಗೊತ್ತಿರಲಿ, ನಿನಗೂ ಗೊತ್ತಿರಲಿ. ಭಾರದ ಸಾಮಾನು ಚಕ್ರಗಳ ಮೇಲೆ, ನೆಲಕ್ಕೆ ಹತ್ತಿರ ಇರಬೇಕು. ಗ್ರೈಂಡರ್ ಮನೆಯಲ್ಲೇ ಇರಲಿ. ಸೈಕಲ್ಲೂ ಇರಲಿ, ಮಕ್ಕಳಿಗೆ ಮರಳು ಸಾಕು. ಅಕ್ಕಿ ದಾರಿಯ ಅಂಗಡಿಗಳಲ್ಲೂ ಸಿಗುತ್ತದೆ.

ಟೈರ್ ನೋಡಿದೆಯಾ? ಹಳೆಯ ವ್ಯಾನು ಹೆಚ್ಚು ಓಡಿರುವುದಿಲ್ಲವಾದ್ದರಿಂದ ಟೈರಿನ ಅಚ್ಚು ಹೊಸದರಂತೆಯೇ ಕಾಣುತ್ತದೆ, ರಬ್ಬರು ಮಾತ್ರ ಬಿಸಿಲಿಗೆ ಸತ್ತಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2315 ಅಂತಿದ್ದರೆ 2015ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹಾಗಿದ್ದರೆ ನಾಳೆಯೇ ಬದಲಾಯಿಸಿ.

ಈಗ ದೂರ. ಮೆಲ್ಬರ್ನಿನಿಂದ ಕಡಲ ದಾರಿಯಲ್ಲಿ ಸಿಡ್ನಿಗೆ ಸಾವಿರ ಕಿಲೋಮೀಟರ್ ಮೇಲಿದೆ. ಹೋಗಿಬರುವುದಕ್ಕೆ ಎರಡು ಸಾವಿರ. ಹನ್ನೆರಡು ದಿನದಲ್ಲಿ ಐದಾರು ದಿನ ಕಾರಿನಲ್ಲೇ ಕಳೆಯುತ್ತದೆ, ಅದೂ ಅಮ್ಮನ ಮೊಣಕಾಲು ನೋವಿನ ಜೊತೆ. ಸಿಡ್ನಿ ಬಿಡು. ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ, ಯಾವಾಗ ಬೇಕಾದರೂ ನೋಡಬಹುದು. ಲೇಕ್ಸ್ ಎಂಟ್ರನ್ಸ್ 320 ಕಿಲೋಮೀಟರ್. ಅಲ್ಲಿ ನಾಲ್ಕು ರಾತ್ರಿ ಇರಿ. ಅಲ್ಲಿಂದ ಇನ್ನು 240 ಕಿಲೋಮೀಟರ್ ಹೋದರೆ ಗಡಿ ದಾಟಿ ಈಡನ್ ಸಿಗುತ್ತದೆ. ಅಲ್ಲೋ ಪಕ್ಕದ ಮೆರಿಂಬುಲಾದಲ್ಲೋ ಇನ್ನು ನಾಲ್ಕು ರಾತ್ರಿ. ಮೊದಲ ಸಲಕ್ಕೆ ಅಷ್ಟೇ. ಕ್ಯಾರವಾನ್ ಪಾರ್ಕುಗಳಲ್ಲಿ ಕ್ರಿಸ್‌ಮಸ್ ಸಮಯದ ಸೈಟುಗಳನ್ನು ಇಲ್ಲಿನ ಕುಟುಂಬಗಳು ವರ್ಷಕ್ಕೆ ಮುಂಚೆಯೇ ಹಿಡಿದಿಟ್ಟಿರುತ್ತವೆ, ತಾತನ ಕಾಲದಿಂದ ಅದೇ ಮರದ ಕೆಳಗೆ ಬೀಡು ಬಿಡುವವರಿದ್ದಾರೆ. ಯಾರಾದರೂ ರದ್ದು ಮಾಡಿದ್ದು ಇದೆಯಾ ಅಂತ ದಿನಾ ಫೋನ್ ಮಾಡಿ ಕೇಳು.

ಈಡನ್‌ನಲ್ಲಿ ಮಕ್ಕಳನ್ನು ಕಿಲ್ಲರ್ ವೇಲ್ ಮ್ಯೂಸಿಯಂಗೆ ತಪ್ಪದೆ ಕರೆದುಕೊಂಡು ಹೋಗು. ‘ಓಲ್ಡ್ ಟಾಮ್’ ಅನ್ನುವ ಓರ್ಕಾದ ಅಸ್ಥಿಪಂಜರ ಅಲ್ಲಿದೆ, ಸತ್ತದ್ದು 1930ರಲ್ಲಿ. ಟಾಮ್ ಮತ್ತು ಅವನ ಹಿಂಡು ದೊಡ್ಡ ತಿಮಿಂಗಿಲಗಳನ್ನು ಟೂಫೋಲ್ಡ್ ಕೊಲ್ಲಿಯೊಳಕ್ಕೆ ಅಟ್ಟಿಕೊಂಡು ಬಂದು ಬೇಟೆಗಾರರಿಗೆ ಸುಳಿವು ಕೊಡುತ್ತಿದ್ದವು. ಬೇಟೆಯಾದ ಮೇಲೆ ತಿಮಿಂಗಿಲದ ನಾಲಿಗೆ, ತುಟಿ ಓರ್ಕಾಗಳ ಪಾಲು. ಆ ಬೇಟೆಯ ದೋಣಿಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಯುಯಿನ್ ಜನರೂ ದುಡಿಯುತ್ತಿದ್ದರು. ಓರ್ಕಾಗಳ ಜೊತೆ ಅವರ ನಂಟು ಬಿಳಿಯರು ಬರುವುದಕ್ಕಿಂತ ಹಳೆಯದು. ಟಾಮ್‌ನ ಹಲ್ಲುಗಳನ್ನು ಮಕ್ಕಳು ಹತ್ತಿರದಿಂದ ನೋಡಲಿ, ಸವೆದಿವೆ. ದೋಣಿಯ ಹಗ್ಗ ಕಚ್ಚಿ ಎಳೆದದ್ದರಿಂದ ಅಂತ ಅಲ್ಲಿನವರು ಹೇಳುತ್ತಾರೆ. ನನ್ನ ಮಗ ಆ ಹಲ್ಲಿನ ಮುಂದೆ ಅರ್ಧ ಗಂಟೆ ನಿಂತಿದ್ದ.

ಮುಂದಿನ ಮಾತನ್ನು ಅಳಿಯಂದಿರಿಗೂ, ನಿನ್ನ ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳು.

ನಾವು ಹಾಸನದ ಕಡೆಯವರು, ಕೆರೆ ಏರಿಯ ಮೇಲೆ ಕೂತು ನೀರು ನೋಡಿ ಬೆಳೆದವರು. ಸಮುದ್ರ ನಮಗೆ ಗೊತ್ತಿಲ್ಲ. ದಡಕ್ಕೆ ಅಪ್ಪಳಿಸಿದ ಅಲೆಗಳ ನೀರು ವಾಪಸ್ಸು ಹೋಗಬೇಕಲ್ಲ, ಅದು ಮರಳು ದಿಬ್ಬಗಳ ನಡುವೆ ಆಳವಾದ ಓಣಿ ಮಾಡಿಕೊಂಡು ಜೋರಾಗಿ ಕಡಲೊಳಕ್ಕೆ ಹರಿಯುತ್ತದೆ. ಇದನ್ನೇ ಇಲ್ಲಿ ರಿಪ್ ಅನ್ನುತ್ತಾರೆ. ಆ ಓಣಿಯಲ್ಲಿ ಆಳ ಜಾಸ್ತಿ, ಹಾಗಾಗಿ ಅಲೆ ಒಡೆಯುವುದು ಕಡಿಮೆ, ನೀರಿನ ಬಣ್ಣ ಸ್ವಲ್ಪ ಕಪ್ಪು. ಎರಡೂ ಕಡೆ ಬಿಳಿ ನೊರೆ, ನಡುವೆ ಶಾಂತವಾದ ಪಟ್ಟಿ. ‘ಇಲ್ಲಿ ಅಲೆಯೇ ಇಲ್ಲ, ಇಲ್ಲೇ ಇಳಿಯೋಣ’ ಅಂತ ನಮ್ಮವರು ಮಕ್ಕಳ ಕೈ ಹಿಡಿದು ಇಳಿಯುವುದು ಸರಿಯಾಗಿ ಅಲ್ಲಿಗೇ.

2024ರ ಜನವರಿ 24ರಂದು ಫಿಲಿಪ್ ದ್ವೀಪದ ಫಾರೆಸ್ಟ್ ಕೇವ್ಸ್ ತೀರದಲ್ಲಿ ಭಾರತ ಮೂಲದ ಒಂದೇ ಬಳಗದ ನಾಲ್ವರು ಮುಳುಗಿ ಹೋದರು. ಅದು ಕಾವಲಿಲ್ಲದ ತೀರ. ಆ ಸುದ್ದಿ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದೇ ದ್ವೀಪಕ್ಕೆ ಊರಿಂದ ಬಂದ ನೆಂಟರನ್ನೆಲ್ಲ ಎಷ್ಟು ಸಲ ಕರೆದುಕೊಂಡು ಹೋಗಿದ್ದೇವೆ.

ಕೆಂಪು ಹಳದಿ ಬಾವುಟ ಎರಡು ನೆಟ್ಟಿರುವ ಕಡೆ, ಅವುಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಅಲ್ಲಿ ಜೀವರಕ್ಷಕರು ಕಣ್ಣಿಟ್ಟಿರುತ್ತಾರೆ. ಅವರಲ್ಲಿ ಹೆಚ್ಚಿನವರು ಒಂದು ಕಾಸೂ ಪಡೆಯದೆ ರಜೆಯ ದಿನ ಬಿಸಿಲಲ್ಲಿ ನಿಂತ ಊರಿನ ಹುಡುಗ ಹುಡುಗಿಯರು. ಬಾವುಟ ಇಲ್ಲದ ತೀರದಲ್ಲಿ ನೀರಿಗಿಳಿಯಬೇಡಿ. ಇನ್ನೂರು ಕಿಲೋಮೀಟರ್ ಬಂದಿದ್ದೇವೆ, ಮಕ್ಕಳು ಅಳುತ್ತಾರೆ ಅಂತ ಮನಸ್ಸು ಕರಗಿಸಿಕೊಳ್ಳಬೇಡ. ಮರಳಲ್ಲಿ ಆಡಿಸಿ ವಾಪಸ್ಸು ಕರೆದುಕೊಂಡು ಬಾ. ಯಾರಾದರೂ ರಿಪ್ಪಿಗೆ ಸಿಕ್ಕರೆ ದಡದ ಕಡೆಗೆ ಎದುರು ಈಜಬಾರದು; ಸುಸ್ತಾಗಿ ಮುಳುಗುವುದು ಹಾಗೆಯೇ. ಮಲಗಿ ತೇಲುತ್ತ ಕೈ ಎತ್ತಬೇಕು. ದಡದಲ್ಲಿರುವವರು ಈಜು ಬರದೆ ಹಿಂದೆ ಹಾರಲೇಬಾರದು. ತೇಲುವಂಥದ್ದು ಏನಾದರೂ ಎಸೆದು, ಜೀವರಕ್ಷಕರನ್ನು ಕೂಗಿ, 000ಕ್ಕೆ ಫೋನ್ ಮಾಡಿ. ನಿನ್ನ ಅಮ್ಮನಿಗೆ ಸಮುದ್ರ ಕಂಡರೆ ಇಳಿದು ಕಾಲು ತೊಳೆದು, ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅದನ್ನೂ ಬಾವುಟಗಳ ನಡುವೆಯೇ ಮಾಡಲಿ. ಫೋಟೋಗೆ ಅಂತ ಒದ್ದೆ ಬಂಡೆಯ ಮೇಲೆ ಯಾರನ್ನೂ ನಿಲ್ಲಿಸಬೇಡ.

ಬಿಸಿಲಿಗೆ ಟೋಪಿ, ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ. ನಮ್ಮ ಚರ್ಮಕ್ಕೆ ಬೇಡ ಅನ್ನುವವರ ಮಾತು ಕೇಳಬೇಡ. ಬ್ಲೂಬಾಟಲ್ ಅನ್ನುವ ನೀಲಿ ಗುಳ್ಳೆ ಮಕ್ಕಳಿಗೆ ಕುಟುಕಿದರೆ, ತಡೆಯುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಉರಿ ಇಳಿಯುತ್ತದೆ. ಮುಸ್ಸಂಜೆ, ಬೆಳಗಿನ ಜಾವ ವ್ಯಾನು ಓಡಿಸಬೇಡಿ, ಕಾಂಗರೂಗಳು ರಸ್ತೆಗೆ ಬರುವ ಹೊತ್ತು.

ಇನ್ನು ಬೆಂಕಿ. 2019ರ ಡಿಸೆಂಬರ್ 29, ಭಾನುವಾರ. ನಾವು ಲೇಕ್ಸ್ ಎಂಟ್ರನ್ಸ್‌ನಲ್ಲಿದ್ದೆವು, ಬಂದು ಮೂರು ದಿನವಾಗಿತ್ತು, ಜನವರಿ 5ರವರೆಗೆ ದುಡ್ಡು ಕಟ್ಟಿತ್ತು. ಮಾರನೆಯ ದಿನ 40 ಡಿಗ್ರಿ ದಾಟುತ್ತದೆ, ಬಿರುಗಾಳಿ ಇದೆ, ಪೂರ್ವ ಗಿಪ್ಸ್‌ಲ್ಯಾಂಡಿನಲ್ಲಿರುವ ಪ್ರವಾಸಿಗರೆಲ್ಲ ಹೊರಟುಬಿಡಿ ಅಂತ ಸರ್ಕಾರದ ಕಡೆಯಿಂದ ಪ್ರಕಟಣೆ ಬಂತು. ತಲೆ ಎತ್ತಿ ನೋಡಿದರೆ ಆಕಾಶ ನೀಲಿ, ಸರೋವರದಲ್ಲಿ ಪೆಲಿಕನ್ ಹಕ್ಕಿಗಳು. ನಿನ್ನ ದೊಡ್ಡಪ್ಪ ‘ನಾಳೆ ನೋಡೋಣ’ ಅಂದರು. ನನಗೂ ಕಟ್ಟಿದ ದುಡ್ಡಿನದೇ ಚಿಂತೆ. ಪಕ್ಕದ ಸೈಟಿನ ಅಜ್ಜ ಮಾತಿಲ್ಲದೆ ತಮ್ಮ ಆನೆಕ್ಸ್ ಬಿಚ್ಚುತ್ತಿದ್ದರು. ನಲವತ್ತು ವರ್ಷದಿಂದ ಅದೇ ಸೈಟಿಗೆ ಬರುವವರು. ಬಟ್ಟೆ ಮಡಚುತ್ತಲೇ ನನಗೆ ಒಂದೇ ಮಾತು ಹೇಳಿದರು: ‘ಇಲ್ಲಿಗಿರುವುದು ಒಂದೇ ರಸ್ತೆ.’ ಮಧ್ಯಾಹ್ನ ಮೂರಕ್ಕೆ ನಾವೂ ಹೊರಟೆವು. ಮಾರನೆಯ ದಿನ ಆ ರಸ್ತೆಯನ್ನೇ, ಪ್ರಿನ್ಸಸ್ ಹೆದ್ದಾರಿಯನ್ನು, ಮುಚ್ಚಿದರು.

ಡಿಸೆಂಬರ್ 31ರ ಬೆಳಿಗ್ಗೆ ಅದೇ ಪೂರ್ವ ಗಿಪ್ಸ್‌ಲ್ಯಾಂಡಿನ ಮ್ಯಾಲಕೂಟಾದಲ್ಲಿ ಹಗಲೇ ಕಗ್ಗತ್ತಲಾಗಿ, ಆಮೇಲೆ ಆಕಾಶ ರಕ್ತದ ಬಣ್ಣಕ್ಕೆ ತಿರುಗಿತು. ಸುಮಾರು 4,000 ಜನ ನೀರಿನ ದಡದಲ್ಲಿ ಸೇರಿದ್ದರು, ಅವರಲ್ಲಿ ರಜೆಗೆ ಬಂದವರೇ ಹೆಚ್ಚು. ಜನವರಿ 3ರಂದು ನೌಕಾಪಡೆಯ ಚೂಲ್ಸ್ ಹಡಗು ಸಾವಿರಕ್ಕೂ ಹೆಚ್ಚು ಜನರನ್ನು ಕಡಲ ಮೇಲಿಂದ ಸಾಗಿಸಬೇಕಾಯಿತು. ಆ ಬೇಸಿಗೆ ದೇಶದಲ್ಲಿ ಬೆಂಕಿ 33 ಜೀವ ತೆಗೆದುಕೊಂಡಿತು, ಮೂರು ಸಾವಿರಕ್ಕೂ ಹೆಚ್ಚು ಮನೆ ಸುಟ್ಟಿತು. ಓರ್ಬೋಸ್ಟ್ ದಾಟಿ ಕ್ಯಾನ್ ರಿವರ್ ಕಡೆ ಹೋಗುವಾಗ ನೀವೂ ನೋಡುತ್ತೀರಿ. ನೀಲಗಿರಿ ಮರಗಳ ಕಾಂಡ ಇನ್ನೂ ಅಲ್ಲಲ್ಲಿ ಕಪ್ಪಗಿದೆ. ಬೆಂಕಿ ಆರಿದ ಮುಂದಿನ ವರ್ಷ ನಾವು ಹೋದಾಗ ಆ ಕರಿ ಕಾಂಡಗಳಿಗೆ ಬುಡದಿಂದ ತುದಿಯವರೆಗೆ ಎಳೆ ಚಿಗುರು ಅಂಟಿಕೊಂಡಿತ್ತು, ಮರಕ್ಕೆ ಹಸಿರು ತುಪ್ಪಳ ಹೊದಿಸಿದ ಹಾಗೆ.

ಫೋನಿನಲ್ಲಿ ವಿಕ್‌ಎಮರ್ಜೆನ್ಸಿ ಆ್ಯಪ್ ಈಗಲೇ ಹಾಕಿಕೊ. ಗಡಿ ದಾಟಿದ ಮೇಲೆ ಹಜಾರ್ಡ್ಸ್ ನಿಯರ್ ಮಿ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ, ಕಾರಿನಲ್ಲಿ ಎಬಿಸಿ ರೇಡಿಯೋ ಹಾಕಿಡಿ. ಬೆಳಿಗ್ಗೆ ಕಾಫಿಗೆ ಮುಂಚೆ ಅವತ್ತಿನ ಬೆಂಕಿಯ ಅಪಾಯದ ಮಟ್ಟ ನೋಡು. ಹೊರಡಿ ಅಂದರೆ ಹೊರಡಿ. ಆಕಾಶ ನೀಲಿ ಇದ್ದರೂ ಹೊರಡಿ. ಕಟ್ಟಿದ ದುಡ್ಡು ಹೋಗಲಿ. ಹೊತ್ತು ಮೀರಿದ್ದರೆ ವ್ಯಾನನ್ನೇ ಅಲ್ಲಿ ಬಿಟ್ಟು ಕಾರು ಹತ್ತಿ ಬನ್ನಿ.

ಮಗಳೇ, ಹೆದರಿಸಲು ಬರೆದದ್ದಲ್ಲ. ರಾತ್ರಿ ವ್ಯಾನಿನ ಹೊರಗೆ ಕುರ್ಚಿ ಹಾಕಿ, ಬಿಸಿ ಅನ್ನಕ್ಕೆ ಸಾರು ಸುರಿದುಕೊಂಡು, ಸದರ್ನ್ ಕ್ರಾಸ್ ನಕ್ಷತ್ರಗಳನ್ನು ನೋಡುತ್ತ ಮಕ್ಕಳು ತೊಡೆಯ ಮೇಲೇ ನಿದ್ದೆಹೋಗುವ ಸುಖ ನಿನಗೂ ಸಿಗಬೇಕು. ನಮ್ಮ ಸಂಸಾರದ ಒಳ್ಳೆಯ ದಿನಗಳು ಅಲ್ಲೇ ಕಳೆದವು.

ಬರುವ ಶನಿವಾರ ಬೆಳಿಗ್ಗೆ ಟ್ಯಾಂಕಿಗೆ ನೀರು ತುಂಬಿಸಿ, ಒಯ್ಯಬೇಕು ಅಂದುಕೊಂಡದ್ದನ್ನೆಲ್ಲ ಏರಿಸಿ, ಐದೂ ಜನ ಕಾರಿನಲ್ಲಿ ಕೂತು ನಮ್ಮ ಮನೆಗೆ ಬನ್ನಿ. ಹತ್ತಿರದಲ್ಲೇ ವಾಹನ ತೂಗುವ ವೇಬ್ರಿಜ್ ಇದೆ, ದೊಡ್ಡಪ್ಪ ವಿಚಾರಿಸಿಟ್ಟಿದ್ದಾರೆ. ಅಲ್ಲಿ ಕೊಡುವ ಚೀಟಿ ನೋಡಿಕೊಂಡು, ಹೆಚ್ಚಾದದ್ದನ್ನು ನಮ್ಮ ಗ್ಯಾರೇಜಿನಲ್ಲಿ ಇಳಿಸಿ ಹೋಗಿ.

ನಿನ್ನ ಪ್ರೀತಿಯ
ದೊಡ್ಡಮ್ಮ