ಕತ್ತಲಲ್ಲಿಯೂ ಕಡಿಯದ ಸಂಪರ್ಕ

ತಾಮ್ರದ ತಂತಿಯ ಹಳೆಯ ದೂರವಾಣಿಗೆ ಒಂದು ವಿಶೇಷ ಗುಣವಿದ್ದಿತು. ಊರೆಲ್ಲ ಕತ್ತಲಾದರೂ ಅದು ಕೆಲಸ ಮಾಡುತ್ತಿದ್ದಿತು. ಅದಕ್ಕೆ ಬೇಕಾದ ಅಲ್ಪ ವಿದ್ಯುತ್ತು ದೂರವಾಣಿ ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಗಳಿಂದ ಅದೇ ತಂತಿಯ ಮೂಲಕ ಮನೆಗೆ ಹರಿದು ಬರುತ್ತಿದ್ದುದೇ ಇದಕ್ಕೆ ಕಾರಣ. ಇಂದು ಅನೇಕ ಮನೆಗಳಿಗೆ ದೂರವಾಣಿಯೂ ಅಂತರ್ಜಾಲವೂ ಗಾಜಿನ ಎಳೆಯ ಮೂಲಕ ಬರುತ್ತಿವೆ. ಆ ಎಳೆಯು ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯಲಾರದು. ಹೀಗಾಗಿ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವ ಹೊಣೆಯು ಮನೆಯವರ ಪಾಲಿಗೆ ಬಂದಿದೆ.

ಈ ಹೊಣೆ ಎಷ್ಟು ದೊಡ್ಡದೆಂಬುದು 2020ರಲ್ಲಿ ಶಾಲೆಗಳು ಮುಚ್ಚಿದಾಗ ಸ್ಪಷ್ಟವಾಯಿತು. ವಿದ್ಯುತ್ತು ಹೋದೊಡನೆ ಎಷ್ಟೋ ಮಕ್ಕಳ ಪಾಠವೂ ನಿಂತುಹೋಗುತ್ತಿದ್ದಿತು. ಇಂದಿಗೂ ಅರ್ಜಿ ಸಲ್ಲಿಸುವ ಕೊನೆಯ ದಿನವಾಗಲಿ, ಮನೆಯಲ್ಲಿ ಒಂಟಿಯಾಗಿರುವ ವೃದ್ಧರು ವೈದ್ಯರನ್ನು ಕರೆಯಬೇಕಾದ ರಾತ್ರಿಯಾಗಲಿ ವಿದ್ಯುತ್ತಿಗಾಗಿ ಕಾಯುವುದಿಲ್ಲ. ಈ ಕೊರತೆಯನ್ನು ನೀಗಲು ಪೋರ್ಟಬಲ್ ಪವರ್ ಸ್ಟೇಷನ್ ಎಂಬ, ಕೈಯಲ್ಲಿ ಎತ್ತಿ ಒಯ್ಯಬಹುದಾದ ವಿದ್ಯುತ್ ಸಂಗ್ರಾಹಕವು ಬಳಕೆಗೆ ಬಂದಿದೆ. ಲಿಥಿಯಂ ಬ್ಯಾಟರಿ, ಅದನ್ನು ತುಂಬುವ ಚಾರ್ಜರ್, ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರ್, ಈ ಮೂರೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಲಿಥಿಯಂ ಅಯಾನು ಬ್ಯಾಟರಿಯ ಬೆಳವಣಿಗೆಗಾಗಿ ಗುಡಿನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಹೊರೆಯ ಲೆಕ್ಕ

ಕೊಳ್ಳುವ ಮೊದಲು ಲೆಕ್ಕ ಹಾಕುವುದು ಜಾಣತನ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ದೊರೆಯುತ್ತದೆ. ವ್ಯಾಟನ್ನು ಗಂಟೆಯಿಂದ ಗುಣಿಸಿದರೆ ವ್ಯಾಟ್ ಗಂಟೆ. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲ ಗರಿಷ್ಠ ಶಕ್ತಿ 12 ವ್ಯಾಟ್. ನಿಜವಾದ ಬಳಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಮೋಡೆಮ್ ಮತ್ತು ರೂಟರ್ ಎರಡೂ ಸೇರಿ 15 ವ್ಯಾಟ್ ಬಳಸುತ್ತವೆಂದೂ, ಸಂಗ್ರಾಹಕದ ಸಾಮರ್ಥ್ಯ 240 ವ್ಯಾಟ್ ಗಂಟೆ ಎಂದೂ, ಅದರಲ್ಲಿ 216 ವ್ಯಾಟ್ ಗಂಟೆ ಕೈಗೆ ಸಿಗುತ್ತದೆಂದೂ ಭಾವಿಸಬಹುದು. 216ನ್ನು 15ರಿಂದ ಭಾಗಿಸಿದರೆ 14 ಗಂಟೆಗಳಿಗೂ ಹೆಚ್ಚು ಕಾಲ ಸಂಪರ್ಕ ಉಳಿಯುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ರೂಟರಿಗೆ ಬೇಕಾದುದು ನೇರ ವಿದ್ಯುತ್ತು, ಬ್ಯಾಟರಿಯಲ್ಲಿರುವುದೂ ಅದೇ. ಅಡಾಪ್ಟರನ್ನು 230 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸಿದರೆ ನೇರವು ಪರ್ಯಾಯವಾಗಿ, ಪರ್ಯಾಯವು ಮತ್ತೆ ನೇರವಾಗಿ ಎರಡು ಬಾರಿ ಮಾರ್ಪಾಡಾಗಬೇಕು. ಇನ್ವರ್ಟರ್ ಸುಮ್ಮನೆ ಚಾಲೂ ಇದ್ದರೂ ಕೆಲವು ವ್ಯಾಟ್‌ಗಳನ್ನು ತಾನೇ ನುಂಗುತ್ತದೆ. ಅದು 9 ವ್ಯಾಟ್ ಎಂದಿಟ್ಟುಕೊಂಡರೆ ಒಟ್ಟು ಹೊರೆ 24 ವ್ಯಾಟ್ ಆಗಿ, ಅದೇ ಸಂಗ್ರಾಹಕ 9 ಗಂಟೆಗಳಲ್ಲಿ ಬರಿದಾಗುತ್ತದೆ. ನೇರವಾಗಿ 12 ವೋಲ್ಟಿನ ಸಾಕೆಟ್ಟಿನಿಂದ ತಂತಿ ಎಳೆದವರಿಗೆ 5 ಗಂಟೆಗಳ ಲಾಭ!

ಎಚ್ಚರಿಕೆಗಳು

ಹಾಗೆ ನೇರವಾಗಿ ಜೋಡಿಸುವಾಗ ವೋಲ್ಟೇಜ್ ಹೊಂದುವುದೇ, ಧನ ಋಣ ಧ್ರುವಗಳು ಸರಿಯಿವೆಯೇ ಎಂದು ಪರೀಕ್ಷಿಸಬೇಕು. 9 ವೋಲ್ಟಿನ ರೂಟರಿಗೆ 12 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು. ಸಂಗ್ರಾಹಕದ ಸಾಕೆಟ್ಟಿನಿಂದ ಸ್ಥಿರವಾದ 12 ವೋಲ್ಟ್ ಬರುತ್ತದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕೆಲವು ಸಂಗ್ರಾಹಕಗಳು ಹೊರೆ ತೀರ ಕಡಿಮೆಯಿದ್ದರೆ ಬಳಕೆಯೇ ಇಲ್ಲವೆಂದು ಬಗೆದು ತಾವಾಗಿಯೇ ನಿಂತುಬಿಡುತ್ತವೆ. ಈ ಏರ್ಪಾಟನ್ನು ರದ್ದುಪಡಿಸುವ ಸೌಕರ್ಯವಿರುವುದನ್ನೇ ಆರಿಸಬೇಕು. ಸದಾ ತುಂಬಿಟ್ಟ ಲಿಥಿಯಂ ಬ್ಯಾಟರಿಗೆ ಶಾಖವು ಶತ್ರು. ಬಿಸಿಲು ಬೀಳುವ ಕಿಟಕಿಯ ಬಳಿ ಇಡುವುದಾಗಲಿ, ಬಟ್ಟೆ ಹೊದಿಸುವುದಾಗಲಿ ಕೂಡದು. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬಗೆಯು ಹೆಚ್ಚು ಬಾಳಿಕೆಯದು, ಶಾಖವನ್ನೂ ಹೆಚ್ಚು ತಾಳಬಲ್ಲದು.

ಮನೆಯ ಸಾಧನ ಉರಿಯುತ್ತಿದ್ದ ಮಾತ್ರಕ್ಕೆ ಸಂಪರ್ಕವಿರುತ್ತದೆಂದು ಹೇಳಲಾಗದು. ಮನೆಗಳಿಗೆ ಸಾಮಾನ್ಯವಾಗಿ ಬರುವ ಗಾಜಿನ ಎಳೆಯ ಜಾಲದಲ್ಲಿ ಕೇಂದ್ರದಿಂದ ಮನೆಯವರೆಗೆ ವಿದ್ಯುತ್ತು ಬೇಕಾದ ಸಾಧನ ನಡುವೆ ಇರುವುದಿಲ್ಲ. ಕೇಂದ್ರದಲ್ಲಿ ಬ್ಯಾಟರಿಯಿದ್ದರೆ ಸಾಕು. ಕೇಬಲ್ ಜಾಲದಲ್ಲಾದರೋ ಬೀದಿಯ ಕಂಬದ ಮೇಲಿನ ಪೆಟ್ಟಿಗೆಗಳಿಗೂ ವಿದ್ಯುತ್ತು ಬೇಕು. ಆದುದರಿಂದ ಬೀದಿಗೆಲ್ಲ ವಿದ್ಯುತ್ತು ಹೋದ ಒಂದು ದಿನ ನೆರೆಮನೆಯ ಇನ್ವರ್ಟರಿನಿಂದ ರೂಟರ್ ನಡೆಸಿ, ಅಂತರ್ಜಾಲ ಬರುವುದೇ ಎಂದು ನೋಡಿದ ಬಳಿಕವೇ ಹಣ ಹೂಡುವುದು ಲೇಸು.

ಮನೆಯಲ್ಲಿ ಈಗಾಗಲೇ 12 ವೋಲ್ಟಿನ, 150 ಆಂಪಿಯರ್ ಗಂಟೆಯ ಇನ್ವರ್ಟರ್ ಬ್ಯಾಟರಿ ಇದ್ದವರ ಬಳಿ ಲೆಕ್ಕದ ಪ್ರಕಾರ 1800 ವ್ಯಾಟ್ ಗಂಟೆಗಳ ಸಂಗ್ರಹವಿದೆ. ಅವರಿಗೆ ಹೊಸ ಪೆಟ್ಟಿಗೆ ಅನಾವಶ್ಯಕ. ಬಾಡಿಗೆ ಮನೆಯವರಿಗೆ, ಊರಿಂದೂರಿಗೆ ಹೋಗುವವರಿಗೆ ಅದು ಉಪಕಾರಿ. ಇಸ್ತ್ರಿ ಪೆಟ್ಟಿಗೆಗೆ ಹತ್ತು ನಿಮಿಷ ಬೇಕಾಗುವ ಶಕ್ತಿಯು ಇಂತಹ ಪುಟ್ಟ ಸಾಧನಗಳನ್ನು ಹತ್ತು ಗಂಟೆ ನಡೆಸಬಲ್ಲದು. ಅಳೆದು ಬಳಸುವವನಿಗೆ ಅಲ್ಪವೂ ಸಾಕಾಗುತ್ತದೆ. ಅಳೆಯದವನಿಗೆ ಎಷ್ಟಿದ್ದರೂ ಸಾಲದು. ಶಾಲೆಯಲ್ಲಿ ಕಲಿತ ವ್ಯಾಟಿನ ಲೆಕ್ಕವು ಮನೆಯ ಕತ್ತಲನ್ನು ಗೆಲ್ಲಲು ನೆರವಾದರೆ ಆ ಕಲಿಕೆ ಸಾರ್ಥಕವಾದಂತೆ.