ಬೆಂಗಾಡಿನಲ್ಲಿ ಬಂಡಿಮನೆ

ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣವು ಕಾವೇರಿಯ ದಡದಲ್ಲಿದೆ. ಅಲ್ಲಿ ಹೊಸದಾಗಿ ನೆಲೆಸುವವನಿಗೆ ಹೊಳೆ ಕಣ್ಣೆದುರಿಗೇ ಉಂಟು. ಆದರೆ ಹಾಸನ ಜಿಲ್ಲೆಯೆಲ್ಲ ಹೀಗಿಲ್ಲ. ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಅರಸೀಕೆರೆಗೆ ದೊರೆಯುವುದು ಅದರ ಮೂರನೆಯ ಒಂದು ಪಾಲಿನಷ್ಟು. ಇನ್ನೂ ಉತ್ತರಕ್ಕೆ, ಚಿತ್ರದುರ್ಗದ ಚಳ್ಳಕೆರೆಯ ಕಡೆಗೆ ಹೋದರೆ 500 ಮಿ.ಮೀ. ಆಸುಪಾಸು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯ ನೆಲವನ್ನು ಮರುಭೂಮಿ ಎನ್ನುವುದು ರೂಢಿ. ಆ ಲೆಕ್ಕದಲ್ಲಿ ಇದು ಮರುಭೂಮಿಯಲ್ಲ, ಬೆಂಗಾಡು.

ಇಂತಹ ಕಡೆ ಒಬ್ಬನಿಗೆ ಒಂದೆರಡು ಎಕರೆ ನೆಲ ದೊರೆಯಿತೆನ್ನೋಣ. ಮನೆಯಿಲ್ಲ, ಬಾವಿಯಿಲ್ಲ, ವಿದ್ಯುತ್ತಿಲ್ಲ. ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿ ಹೀಗೆ ನೆಲೆಸುವವರು ಚಕ್ರಗಳ ಮೇಲಿನ ತಗಡಿನ ಮನೆಯನ್ನು, ಎಂದರೆ ಟ್ರೇಲರನ್ನು, ಎಳೆದು ತಂದು ನಿಲ್ಲಿಸಿ ಅದರಲ್ಲಿಯೇ ಬಾಳುವುದುಂಟು. ನಾವು ಅದನ್ನು ಬಂಡಿಮನೆ ಎಂದು ಕರೆಯೋಣ. ಮೊದಲು ತಂಗಿ ಆಮೇಲೆ ನೆಲೆಸುವ ಈ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಕಂಬಳಿಯ ಮರೆಯಲ್ಲಿ ಹೊಲದಿಂದ ಹೊಲಕ್ಕೆ ಮಂದೆ ತಂಗಿಸುತ್ತ ಸಾಗುವ ಕುರಿಗಾಹಿಗಳನ್ನು ಓದುಗರು ಕಂಡಿರಬಹುದು. ಮಂದೆಯ ಸುತ್ತ ಮುಳ್ಳಿನ ಬೇಲಿ ಕಟ್ಟಿದ ಜಾಗವೇ ಹಟ್ಟಿ. ಚಿತ್ರದುರ್ಗ, ತುಮಕೂರು ಸೀಮೆಯಲ್ಲಿ ಗೊಲ್ಲರಹಟ್ಟಿ ಎಂಬ ಊರುಗಳು ಎಷ್ಟೋ ಇವೆ.

ಬಂಡಿಮನೆಯ ಮೊದಲ ಶತ್ರು ಬಿಸಿಲು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು ಒಂದು ಕಿಲೋವ್ಯಾಟ್. ಚಾವಣಿ 6 ಮೀಟರ್ ಉದ್ದ, 2.4 ಮೀಟರ್ ಅಗಲವಿದ್ದರೆ ಅದರ ವಿಸ್ತಾರ 14.4 ಚದರ ಮೀಟರ್. ಎಂದರೆ ನೀರು ಕಾಯಿಸುವ ಒಂದೊಂದು ಕಿಲೋವ್ಯಾಟಿನ ಹದಿನಾಲ್ಕು ಕಾಯಿಲುಗಳನ್ನು ತಲೆಯ ಮೇಲೆ ಉರಿಸಿದಂತಾಯಿತು! ದಪ್ಪ ಮಣ್ಣಿನ ಗೋಡೆ ಹೀರಿದ ಶಾಖವು ಒಳಗೆ ತಲಪಲು ಹಲವು ಗಂಟೆಗಳು ಬೇಕು. ತೆಳು ತಗಡಿಗೆ ಕೆಲವು ನಿಮಿಷ ಸಾಕು. ಇದಕ್ಕೆ ಪರಿಹಾರ ಸುಲಭವಾದುದೇ: ಚಾವಣಿಗೆ ಬಿಳಿಯ ಬಣ್ಣ, ಅದರ ಮೇಲೆ ಗಾಳಿಯಾಡುವಂತೆ ಒಂದೆರಡಡಿ ಅಂತರ ಬಿಟ್ಟು ತೆಂಗಿನ ಗರಿಯ ಚಪ್ಪರ. ಬಂಡಿಯ ಉದ್ದವನ್ನು ಪೂರ್ವಪಶ್ಚಿಮವಾಗಿ ನಿಲ್ಲಿಸಿದರೆ ಬೆಳಗು ಸಂಜೆಗಳ ಓರೆ ಬಿಸಿಲು ಕಿರಿಯ ಗೋಡೆಗಳ ಮೇಲೆ ಬೀಳುತ್ತದೆ. ಆಷಾಢದ ಪಡುವಣ ಗಾಳಿಗೂ ಕಿರಿಯ ಮೈಯೇ ಎದುರಾಗುತ್ತದೆ. ಆದರೂ ನಾಲ್ಕು ಮೂಲೆಗೂ ಗೂಟ ಹೊಡೆದು ಬಿಗಿಯತಕ್ಕದ್ದು. ಮುಂಗಾರಿಗೆ ಮೊದಲಿನ ಬಿರುಗಾಳಿ ದಿಕ್ಕು ನೋಡಿ ಬೀಸುವುದಿಲ್ಲ.

ಬಿಸಿಲನ್ನು ತಡೆಯಬಹುದು. ನೀರನ್ನು ಮಾತ್ರ ಲೆಕ್ಕ ಹಾಕಿ ಸಂಪಾದಿಸಬೇಕು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಎಂದರೆ ಸರಿಯಾಗಿ ಒಂದು ಲೀಟರು. ಮಳೆ 600 ಮಿ.ಮೀ. ಎಂದು ಹಿಡಿದು, ಐದರಲ್ಲಿ ಒಂದು ಪಾಲು ವ್ಯರ್ಥವಾಯಿತೆಂದರೂ ನಮ್ಮ ಚಾವಣಿಯಿಂದ ವರ್ಷಕ್ಕೆ ಸುಮಾರು 6,900 ಲೀಟರು ದೊರೆಯುತ್ತದೆ. ನಾಲ್ವರ ಕುಟುಂಬ ಕುಡಿಯಲು, ಬೇಯಿಸಲು ದಿನಕ್ಕೆ 20 ಲೀಟರು ಬಳಸಿದರೆ ಇದು 345 ದಿನ ಬರುತ್ತದೆ. ಸ್ನಾನ, ಬಟ್ಟೆ ಎಲ್ಲವೂ ಸೇರಿ 2019ರ ಜಲಜೀವನ್ ಯೋಜನೆ ಇಟ್ಟುಕೊಂಡ ತಲೆಗೆ 55 ಲೀಟರಿನ ಪ್ರಮಾಣದಲ್ಲಿ ಬಳಸಿದರೆ? 31 ದಿನಕ್ಕೆ ತೊಟ್ಟಿ ಬರಿದು. ಆದುದರಿಂದ ಚಾವಣಿಯ ನೀರು ಬಾಯಿಗೆ ಮಾತ್ರ. ಉಳಿದುದಕ್ಕೆ ನೆಲವನ್ನೇ ಕೇಳಬೇಕು.

ಒಂದು ಎಕರೆಯ ಮೇಲೆ ಅದೇ ಮಳೆ ಸುರಿಸುವುದು 24 ಲಕ್ಷ ಲೀಟರಿಗೂ ಹೆಚ್ಚು. ಅದರಲ್ಲಿ ಹತ್ತನೆಯ ಒಂದು ಪಾಲು ಹರಿದು ಬಂದರೂ 10 ಮೀಟರ್ ಉದ್ದಗಲದ, 3 ಮೀಟರ್ ಆಳದ ನೇರ ಗೋಡೆಯ ಹೊಂಡ ಮುಕ್ಕಾಲಿಗೂ ಮಿಕ್ಕಿ ತುಂಬುತ್ತದೆ. ಆದರೆ ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಮೇಲ್ಪಟ್ಟು ಆವಿಯಾಗುತ್ತದೆ. ಹೊಂಡದ ಅರ್ಧವು ಸೂರ್ಯನ ಪಾಲು! ಅಗಲಕ್ಕಿಂತ ಆಳ ಲೇಸು ಎನ್ನುವುದು ಇದಕ್ಕಾಗಿಯೇ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಆರಂಭವಾದಾಗ ಇಂತಹ ಕೃಷಿ ಹೊಂಡಗಳನ್ನೇ ಮುಂದಿಟ್ಟುಕೊಂಡಿತು.

ಕೊಳವೆ ಬಾವಿ ಕೊರೆಸಿದರಾಗದೆ ಎಂದು ಕೇಳುವವರುಂಟು. ಇಲ್ಲಿಯ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಬಿರುಕು ತಪ್ಪಿದರೆ ಹಣ ಹೋಯಿತು. ಸಿಕ್ಕಿದರೂ, ಬಂಡೆಯೊಡನೆ ಬಹುಕಾಲ ಕಳೆದ ನೀರಿನಲ್ಲಿ ಫ್ಲೋರೈಡ್ ಕರಗಿರಬಹುದು. ಪಾವಗಡದ ಸುತ್ತಿನ ಜನ ಇದನ್ನು ಹಲ್ಲಿನ ಕಲೆಯಲ್ಲಿಯೂ ಮೂಳೆಯ ನೋವಿನಲ್ಲಿಯೂ ಅರಿತಿದ್ದಾರೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೂ ಅದು ಹೋಗದು. ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕೊಡಕೂಡದು. ಚಾವಣಿಯ ಮಳೆನೀರಿಗೆ ಈ ದೋಷವಿಲ್ಲ. ಮೊದಲ ಮಳೆಯನ್ನು ಮಾತ್ರ ಧೂಳಿನೊಡನೆ ಹೊರಗೆ ಬಿಟ್ಟು, ತೊಟ್ಟಿಯನ್ನು ಬೆಳಕು ತಾಗದಂತೆ ಮುಚ್ಚಿ, ಕುಡಿಯುವ ಮುನ್ನ ಕುದಿಸಬೇಕು.

ಚಕ್ರವಿರುವ ಮನೆಯ ನಿಜವಾದ ಲಾಭ ಈಗ ತಿಳಿಯುತ್ತದೆ. ಇಟ್ಟಿಗೆಯ ಮನೆಗೆ ಜಾಗ ಮೊದಲೇ ಗೊತ್ತಾಗಬೇಕು, ಬಂಡಿಮನೆಗೆ ಬೇಡ. ಒಂದು ಮುಂಗಾರು, ಒಂದು ಹಿಂಗಾರು ಅದರಲ್ಲಿದ್ದು, ಜೋರು ಮಳೆ ನಿಂತೊಡನೆ ನೆಲದ ಮೇಲೆ ನಡೆದು ನೋಡಬೇಕು: ನೀರು ಎಲ್ಲಿಂದ ಇಳಿಯಿತು, ಎಲ್ಲಿ ನಿಂತಿತು, ಮರುದಿನವೂ ಎಲ್ಲಿ ತೇವ ಆರಲಿಲ್ಲ? ಆಯಾ ಜಾಗದಲ್ಲಿ ಗೂಟ ನೆಟ್ಟು ಗುರುತು ಮಾಡಬೇಕು. ಇಳಿಜಾರಿಗೆ ಅಡ್ಡಲಾಗಿ ಬದು, ನೀರು ಕೂಡುವ ತಗ್ಗಿನಲ್ಲಿ ಹೊಂಡ, ಅದರ ಪಕ್ಕದ ದಿಣ್ಣೆಯಲ್ಲಿ ಮನೆಯ ಪಾಯ.